ಫೋಲ್ಡರಿನಲ್ಲಿ ಉಳಿದ ಒಂದು ವರ್ಷದ ಕನ್ನಡ

ಹೊರದೇಶಗಳಿಂದ ಓದಲು ಬಂದ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ನನಗೆ ಮಣಿಪಾಲದಲ್ಲಿ ಸಿಕ್ಕಿದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ಸುದ್ದಿ ಕೇಳಿ ಅಮ್ಮ ನಕ್ಕುಬಿಟ್ಟಿದ್ದಳು. "ನಿನಗೇ ಕನ್ನಡ ಬಂದದ್ದು ಶಾಲೆಗೆ ಹೋದ ಮೇಲೆ. ನೀನು ಇನ್ನೊಬ್ಬರಿಗೆ ಕಲಿಸುವುದಾ?" ಎಂದು ತುಳುವಿನಲ್ಲಿ ಕೇಳಿದ್ದಳು. ಸುಳ್ಳೇನಲ್ಲ. ಕಾಪುವಿನ ನಮ್ಮ ಮನೆಯಲ್ಲಿ ಹಸಿವು, ಜಗಳ, ಮುದ್ದು ಎಲ್ಲವೂ ತುಳುವಿನಲ್ಲೇ. ಕನ್ನಡ ಎಂದರೆ ಪಾಠಪುಸ್ತಕ, ಪೇಪರು, ಬ್ಯಾಂಕು, ವೇದಿಕೆಯ ಭಾಷಣ. ಆ ಕನ್ನಡದಲ್ಲಿ ಎಂ.ಎ. ಮಾಡಿ, ಕಡಿಯಾಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ದಿನಾ ಸಂಜೆ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗುತ್ತಿದ್ದೆ.

ನಾನು ಕಲಿಸುತ್ತಿದ್ದದ್ದು ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಖಾಸಗಿ ಭಾಷಾ ಕೇಂದ್ರದಲ್ಲಿ. ಈಗ ಅದು ಇಲ್ಲ. ಹಗಲು ಕಾಲೇಜು ಮುಗಿಸಿದ ಮಕ್ಕಳು ಬಿಳಿ ಕೋಟನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಬರುತ್ತಿದ್ದರು. ನರ್ಸಿಂಗ್, ಫಿಸಿಯೋಥೆರಪಿ, ಹಲ್ಲಿನ ವೈದ್ಯಕೀಯ, ಹೀಗೆ ರೋಗಿಗಳೊಡನೆ ಮಾತಾಡಲೇಬೇಕಾದವರೇ ಹೆಚ್ಚು. ನಾವು ಕಲಿಸುತ್ತಿದ್ದದ್ದು ಮಾತ್ರ 'ಇದು ಮರ, ಅದು ಮನೆ' ಎಂದು. ವರ್ಷದ ಕೊನೆಗೆ ಪರೀಕ್ಷೆ: ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಮುಖ್ಯೋಪಾಧ್ಯಾಯರಿಗೆ ರಜೆ ಅರ್ಜಿ ಬರೆಯಿರಿ. ದೂರದ ದೇಶದಿಂದ ಬಂದು ಹಾಸ್ಟೆಲಿನಲ್ಲಿದ್ದ ಗಡ್ಡ ಬಂದ ಹುಡುಗರು 'ನನ್ನ ಅಕ್ಕನ ಮದುವೆಯ ಪ್ರಯುಕ್ತ ಎರಡು ದಿನ ರಜೆ ನೀಡಬೇಕಾಗಿ ವಿನಂತಿ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದರು. ಇದರಲ್ಲಿ ಏನೋ ತಮಾಷೆ ಉಂಟು ಎಂದು ಆಗ ನನಗೆ ಹೊಳೆದಿರಲಿಲ್ಲ.

ಕೇಂದ್ರದ ಮುಖ್ಯಸ್ಥೆ ನನಗಿಂತ ತುಂಬಾ ಹಿರಿಯರು. ಕಾರ್ಕಳದವರು, ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹೆಂಗಸು. ಗಂಡನೊಡನೆ ಗಲ್ಫಿನಲ್ಲಿದ್ದಾಗ ಅಲ್ಲಿನ ಶಾಲೆಯೊಂದರಲ್ಲಿ ಬಹಳ ವರ್ಷ ಫ್ರೆಂಚ್ ಕಲಿಸಿ ಊರಿಗೆ ಮರಳಿದವರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ದೇಹ, ಹತ್ತಿಯ ಸೀರೆ, ಕತ್ತರಿಸಿದ ನರೆಗೂದಲು. ಎದುರಿಗಿರುವವರು ತಡವರಿಸಿದರೆ ಮಧ್ಯೆ ಬಾಯಿ ಹಾಕಿ ವಾಕ್ಯ ಮುಗಿಸಿಕೊಡುವ ಅಭ್ಯಾಸ ನಮ್ಮೆಲ್ಲರಿಗೂ ಇರುತ್ತದೆ. ಅವರಿಗೆ ಇರಲಿಲ್ಲ. ತಡವರಿಸುವವರು ತಮ್ಮ ಮಾತನ್ನು ತಾವೇ ಮುಗಿಸುವವರೆಗೆ, ಗಡಿಬಿಡಿಯಿಲ್ಲದ ಮುಖದಲ್ಲಿ ಕಾಯುತ್ತಿದ್ದರು. ಅಂಥ ಕಾಯುವಿಕೆಯನ್ನು ನಾನು ಬೇರೆ ಯಾವ ಮೇಷ್ಟ್ರಲ್ಲೂ ಕಂಡಿಲ್ಲ.

ನನ್ನ ಮೊದಲ ವರ್ಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದವಳು ಮಲೇಷ್ಯಾದ ಒಬ್ಬ ಹುಡುಗಿ. ಚೀನೀ ಮೂಲದ ಮನೆತನ. ಫಿಸಿಯೋಥೆರಪಿ ಓದುತ್ತಿದ್ದಳು. ಮೊದಲ ಬೆಂಚಿನಲ್ಲಿ ಕೂತು, ಒತ್ತಕ್ಷರಗಳನ್ನು ಕಸೂತಿ ಹಾಕಿದ ಹಾಗೆ ಬಿಡಿಸುತ್ತಿದ್ದಳು. ಮಾತು ಕಡಿಮೆ. ಫಲಿತಾಂಶ ಬಂದು ಎರಡನೆಯ ವರ್ಷದ ಪಾಠ ಶುರುವಾದ ಕೆಲವು ದಿನಗಳ ನಂತರ, ತರಗತಿಗೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಟೀಚರ್, 'ನೋವಿಲ್ಲ' ಅಂದರೆ ನೋವು ಇಲ್ಲ ಎಂದು ತಾನೇ?"

"ಹೌದು."

"ಹಾಗಾದರೆ ಅಜ್ಜಿ ಯಾಕೆ ಕಿರುಚಿದರು?"

ಕೂರಿಸಿ, ನೀರು ಕೊಟ್ಟು ಕೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಹೇಳಿದಳು. ಅವಳು ಅಭ್ಯಾಸಕ್ಕೆ ಹೋಗುತ್ತಿದ್ದ ಚಿಕಿತ್ಸಾಲಯಕ್ಕೆ ಉತ್ತರ ಕರ್ನಾಟಕದ ಒಬ್ಬ ಅಜ್ಜಿ ಬರುತ್ತಿದ್ದರು. ಮಗ ನಂದಿಕೂರಿನ ಕಡೆ ಕಟ್ಟಡದ ಕೆಲಸಕ್ಕೆ ಬಂದವನು. ಅಜ್ಜಿ ಶೆಡ್ಡಿನ ಬಳಿ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು. ಬಿಗಿದುಹೋದ ಕಾಲನ್ನು ದಿನಾ ಸ್ವಲ್ಪ ಸ್ವಲ್ಪ ಮಡಚಿಸುವ ಕೆಲಸ ಇವಳದು. ಮಡಚಿಸುತ್ತಾ, ಪುಸ್ತಕದಲ್ಲಿ ಕಲಿತಂತೆ, "ನೋವು ಇದೆಯೇ?" ಎಂದು ಕೇಳಿದಳು. ಅಜ್ಜಿ ಏನೋ ಬಡಬಡನೆ ಹೇಳಿದರು. ಅದರಲ್ಲಿ ಇವಳ ಕಿವಿಗೆ ಸಿಕ್ಕ ಒಂದೇ ಪದ 'ನೋವಿಲ್ಲ'. ಸರಿ ಎಂದು ತಲೆ ಆಡಿಸಿ ಇನ್ನೂ ಸ್ವಲ್ಪ ಮಡಚಿದಳು. ಅಜ್ಜಿ ಚೀರಿಕೊಂಡು ಇವಳ ಕೈಯನ್ನು ತಳ್ಳಿಬಿಟ್ಟರು. ಮೇಲ್ವಿಚಾರಕಿ ಓಡಿ ಬಂದು ನೋಡಿದರು. ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಅಜ್ಜಿ ಮತ್ತೆ ಇವಳನ್ನು ಹತ್ತಿರ ಸೇರಿಸಲಿಲ್ಲ. "ಆ ಹುಡುಗಿ ಬ್ಯಾಡ್ರಿ ನಂಗ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರಂತೆ.

"ಅವರು ಹೇಳಿದ್ದು ಪೂರ್ತಿ ನೆನಪುಂಟಾ?" ಎಂದೆ.

ಸ್ವರ ಮಾತ್ರ ನೆನಪಿತ್ತು ಅವಳಿಗೆ. ಹಾಡಿನ ಹಾಗೆ ಅದನ್ನೇ ಒಪ್ಪಿಸಿದಳು. "ನೋವಿಲ್ಲ ಬಿಡವ್ವ, ಚಳಕ್ ಹೊಡೀತೈತಿ."

ನನಗೆ ಆಗ ತಿಳಿಯಿತು. ನೋವಲ್ಲ, ಚಳಕು. ತಟ್ಟನೆ ಮಿಂಚು ಹೊಡೆದಂತೆ ಒಳಗೆ ಹಾಯುವ ಸೆಳೆತ. ಅಜ್ಜಿ ಎಷ್ಟು ನಿಖರವಾಗಿ ಹೇಳಿದ್ದರು! ನಮ್ಮ ಪುಸ್ತಕದಲ್ಲಿ ಇದ್ದದ್ದು 'ನೋವು' ಒಂದೇ. ನಾನು ಸೊಂಟದ ಮೇಲೆ ಕೈಯಿಟ್ಟು, ಬಗ್ಗುವಾಗ ಚಳಕು ಬಂದವರ ಹಾಗೆ ಮುಖ ಕಿವುಚಿ ತೋರಿಸಿದೆ. ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಇನ್ನೂ ಜೋರಾಗಿ ಅತ್ತಳು.

ಪಕ್ಕದ ಕೋಣೆಯಲ್ಲಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹುಡುಗಿ ಹೋದ ಮೇಲೆ ಅವಳ ಉತ್ತರ ಪತ್ರಿಕೆಯನ್ನು ಕಪಾಟಿನಿಂದ ತೆಗೆಸಿ ಓದಿದರು. ಒಂದು ತಪ್ಪೂ ಇರಲಿಲ್ಲ.

"ಇದಕ್ಕೆ ನಾವು ಫಸ್ಟ್ ಕೊಟ್ಟದ್ದು ಅಲ್ವಾ? ಪರೀಕ್ಷೆಯಲ್ಲಿ ನಾವು ಎಂತ ನೋಡುದು ಹೇಳು ಮಾರಾಯ್ತಿ? ಒಂದು ದಿನ ಕೂರಿಸಿ, ಅವಳಿಗೆ ಗೊತ್ತಿಲ್ಲದ್ದು ಎಷ್ಟು ಉಂಟು ಎಂದು ಹುಡುಕುದು. ಗೊತ್ತಾದದ್ದು ಹೇಗೆ ಗೊತ್ತಾಯ್ತು, ಅದನ್ನು ಹಿಡಿದುಕೊಂಡು ಅವಳು ಯಾರ ಹತ್ತಿರ ಎಂತ ಮಾತಾಡಿದಳು, ಇದು ಯಾರಿಗೂ ಬೇಡ."

ಆಮೇಲೆ ಗಲ್ಫಿನ ಆ ಶಾಲೆಯ ಸಂಗತಿ ಹೇಳಿದರು. ಅವರು ಬಿಡುವ ಹೊತ್ತಿಗೆ ಅಲ್ಲಿ ಪ್ರತಿ ಮಗುವಿಗೂ ಕಂಪ್ಯೂಟರಿನಲ್ಲಿ ಒಂದೊಂದು ಫೋಲ್ಡರ್ ಮಾಡಿದ್ದರಂತೆ. ಪೋರ್ಟ್‌ಫೋಲಿಯೋ ಎಂದು ಅದರ ಹೆಸರು. ಮಗು ತಾನು ಫ್ರೆಂಚಿನಲ್ಲಿ ಮಾತಾಡಿದ್ದು, ಬರೆದದ್ದು, ಹಾಡಿದ್ದು ಎಲ್ಲದರಿಂದ ತಾನೇ ಆರಿಸಿ ಅದರೊಳಗೆ ಇಡಬೇಕು. ಹಳೆಯದನ್ನು ಅಳಿಸುವಂತಿಲ್ಲ. ವರ್ಷದ ಕೊನೆಗೆ ಅದನ್ನೆಲ್ಲ ಒಟ್ಟಿಗೆ ಕೂತು ಕೇಳಿ, ಓದಿ ಅಂಕ ಕೊಡುವುದು. "ಪಕ್ಕದ ಮಗುವಿನ ಜೊತೆ ಹೋಲಿಸುದಲ್ಲ. ಅದೇ ಮಗುವಿನ ಮೊದಲ ತಿಂಗಳ ಸ್ವರದ ಜೊತೆ ಹೋಲಿಸುದು" ಎಂದರು.

"ನಮ್ಮಲ್ಲಿ ಆಗುತ್ತದಾ ಮೇಡಂ?" ಎಂದೆ.

"ಆಗುದಿಲ್ಲ ಎಂದು ಹೇಳುವವರು ಬೇರೆ ಇದ್ದಾರೆ. ನಾವೂ ಯಾಕೆ ಹೇಳುದು?"

ಕೇಂದ್ರದ ಯಜಮಾನರು ನಿಜಕ್ಕೂ ಆಗುವುದಿಲ್ಲ ಎಂದೇ ಹೇಳಿದರು. ಸರ್ಟಿಫಿಕೇಟಿನಲ್ಲಿ ಅಂಕ ಬೇಕು, ಹೊರಗಿನ ಪರೀಕ್ಷಕರು ಬಂದು ಸಹಿ ಹಾಕಬೇಕು, ಫೋಲ್ಡರಿಗೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿದರು. ಮೇಡಂ ಅವರ ಎದುರು ಕೂತು ಅವರ ಎಲ್ಲ ಮಾತೂ ಮುಗಿಯುವವರೆಗೆ ಕಾದರು. ಕೊನೆಗೆ, ಒಂದು ವರ್ಷ ನೋಡುವ ಎಂದು ಅವರೇ ಒಪ್ಪಿದರು.

ಹಿಂದಿನ ಕೋಣೆಯಲ್ಲಿ ನಾಲ್ಕೈದು ಹಳೆಯ ಕಂಪ್ಯೂಟರುಗಳಿದ್ದವು. ಅವಕ್ಕೆ ಮೈಕಿರುವ ಹೆಡ್‌ಫೋನು ತಂದೆವು. ಮೊದಲ ತೊಂದರೆ ಕನ್ನಡ ಅಕ್ಷರದ್ದು. ಹಾಸ್ಟೆಲಿನಲ್ಲಿ ಟೈಪ್ ಮಾಡಿ ತಂದದ್ದು ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಪ್ರಶ್ನೆ ಚಿಹ್ನೆಗಳು, ಚೌಕಗಳು. ಒಂದು ಪುಟ ತುಂಬಾ ಪ್ರಶ್ನೆ ಚಿಹ್ನೆಗಳನ್ನು ನೋಡಿ ಮೇಡಂ, "ಪಾಪ, ಇವನಿಗೆ ತುಂಬಾ ಸಂಶಯ ಉಂಟು" ಎಂದು ನಕ್ಕರು. ಕೊನೆಗೆ ಕಾಗದದಲ್ಲಿ ಬರೆದದ್ದನ್ನೇ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಹಾಕುವುದೆಂದಾಯಿತು. ಕರೆಂಟು ಹೋದರೆ ಯುಪಿಎಸ್ ಕೀಚಲು ದನಿಯಲ್ಲಿ ಕೂಗುತ್ತಿತ್ತು. ಆ ವರ್ಷದ ಎಷ್ಟೋ ರೆಕಾರ್ಡಿಂಗುಗಳಲ್ಲಿ ಹಿನ್ನೆಲೆಗೆ ಆ ಕೂಗು ಉಂಟು.

ನಿಯಮ ಸರಳ. ಹದಿನೈದು ದಿನಕ್ಕೊಮ್ಮೆ ಒಂದು ತುಣುಕು ಹಾಕಬೇಕು. ಯಾವುದು ಎಂದು ಅವರೇ ಆರಿಸಬೇಕು. ಅದನ್ನೇ ಯಾಕೆ ಆರಿಸಿದ್ದು ಎಂದು ಕನ್ನಡದಲ್ಲಿ ಎರಡು ಮಾತು ಬರೆಯಬೇಕು. ಬೇರೆಯವರ ಸ್ವರ ಹಿಡಿಯುವುದಾದರೆ ಮೊದಲು ಅವರ ಒಪ್ಪಿಗೆ ಕೇಳಬೇಕು, ಆ ಕೇಳಿದ್ದೂ ರೆಕಾರ್ಡಿನಲ್ಲಿ ಇರಬೇಕು.

ಮೊದಮೊದಲು ಬಂದ ಫೋಲ್ಡರುಗಳು ನಗು ತರಿಸುವಂತಿದ್ದವು. ಒಬ್ಬ ಹುಡುಗ ಉಡುಪಿಯ ಹೋಟೆಲಿನಲ್ಲಿ "ಒಂದು ಮಸಾಲೆ ದೋಸೆ, ಖಾರ ಕಡಿಮೆ ಇರಲಿ" ಎಂದು ಚಂದವಾಗಿ ಕೇಳಿದ್ದ. ಸಪ್ಲಾಯರ್ ಇಂಗ್ಲಿಷಿನಲ್ಲಿ ಉತ್ತರಿಸಿದ್ದ. ಇಬ್ಬರು ಗೆಳೆಯರು ಒಂದೇ ರೆಕಾರ್ಡಿಂಗನ್ನು ಬೇರೆ ಬೇರೆ ಹೆಸರಿನಲ್ಲಿ ಹಾಕಿದ್ದರು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಕೆಮ್ಮು. ಮೇಡಂ ಅವರನ್ನು ಬೈಯಲಿಲ್ಲ. ಇಬ್ಬರನ್ನೂ ಕರೆದು, "ಕೆಮ್ಮಿದವರು ಯಾರು?" ಎಂದಷ್ಟೇ ಕೇಳಿದರು.

ಮಲೇಷ್ಯಾದ ಹುಡುಗಿಯ ಮೊದಲ ತುಣುಕು ಪಠ್ಯಪುಸ್ತಕದ ಪಾಠವೊಂದರ ವಾಚನ. ಉಚ್ಚಾರ ಪರಿಶುದ್ಧ. ಕೇಳಿದರೆ ರೈಲ್ವೆ ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಮೇಡಂ ಕಣ್ಣುಮುಚ್ಚಿ ಕೇಳಿ, "ಇದನ್ನು ನೀನು ಯಾರಿಗೆ ಹೇಳುತ್ತಿದ್ದೀ?" ಎಂದು ಕಂಪ್ಯೂಟರಿನಲ್ಲಿ ಷರಾ ಬರೆದಿಟ್ಟರು. ಅವರು 'ತಪ್ಪು' ಎಂದು ಬರೆದದ್ದನ್ನು ನಾನು ನೋಡಿಲ್ಲ. ಬರೆಯುತ್ತಿದ್ದದ್ದೆಲ್ಲ ಪ್ರಶ್ನೆಯೇ.

ಅದರ ನಂತರ ಹುಡುಗಿ ಏನೂ ಹಾಕಲಿಲ್ಲ. ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು. ನನಗೆ ಆತಂಕ. "ಕೇಳುವುದಾ ಮೇಡಂ?" ಎಂದರೆ, "ಅವಳು ಹುಡುಕುತ್ತಾ ಇದ್ದಾಳೆ. ಬಿಡು" ಎಂದರು.

ಒಂದು ದಿನ ಬಂದ ತುಣುಕು ಹೀಗಿತ್ತು. ಓದಿದ್ದಲ್ಲ, ನಿಂತು ನಿಂತು ಹೇಳಿದ್ದು. "ಅಜ್ಜಿ ಚಳಕ್ ಹೇಳಿದರು. ನನಗೆ ಗೊತ್ತಾಗಲಿಲ್ಲ. ನಾನು ಹೌದು ಎಂದು ತಲೆ ಆಡಿಸಿದೆ. ಗೊತ್ತಾಗಿಲ್ಲ ಎಂದು ಹೇಳಲು ನನಗೆ ಕನ್ನಡ ಬರುತ್ತಿತ್ತು. ಪುಸ್ತಕದಲ್ಲಿ ಇತ್ತು. ಆದರೆ ನಾಚಿಕೆ ಆಯಿತು. ಅದಕ್ಕೆ ಅಜ್ಜಿಗೆ ನೋವು ಆಯಿತು." ಅದರ ಕೆಳಗೆ, ಇದನ್ನೇ ಯಾಕೆ ಆರಿಸಿದ್ದು ಎಂಬಲ್ಲಿ, ತನ್ನ ಕಸೂತಿ ಅಕ್ಷರದಲ್ಲಿ ಬರೆದಿದ್ದಳು: 'ಇದು ನಾನೇ ಮಾಡಿದ ಮೊದಲ ಮಾತು.'

ಅಲ್ಲಲ್ಲಿ ವ್ಯಾಕರಣ ಮುಗ್ಗರಿಸಿತ್ತು. ಆದರೆ ಮೇಡಂ ಅದನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿಸಿ ಕೇಳಿದರು. ಉಳಿದವರೆಲ್ಲ ತಮ್ಮ ಚಂದದ ಮಾತುಗಳನ್ನು ಆರಿಸಿ ಫೋಲ್ಡರಿನಲ್ಲಿ ಇಡುತ್ತಿದ್ದರು. ಈ ಹುಡುಗಿ ತನ್ನ ಸೋಲನ್ನು ಆರಿಸಿದ್ದಳು. ಎಲ್ಲರಿಗಿಂತ ಹೆಚ್ಚು ಅಂಕ ಪಡೆದವಳು ಹಾಗೆ ಮಾಡಬೇಕಾದರೆ ಎಷ್ಟು ಧೈರ್ಯ ಬೇಕು!

ಅಲ್ಲಿಂದ ಅವಳಿಗೆ ದಾರಿ ಸಿಕ್ಕಿತು. ಜನ ತಮ್ಮ ನೋವನ್ನು ಏನೇನು ಹೇಳಿ ಕರೆಯುತ್ತಾರೆ ಎಂದು ಕೇಳುತ್ತಾ ಹೋಗತೊಡಗಿದಳು. ಕೊರಳಲ್ಲಿ ಒಂದು ಸಣ್ಣ ಎಂಪಿತ್ರೀ ಪ್ಲೇಯರ್ ನೇತುಹಾಕಿಕೊಂಡಿರುತ್ತಿದ್ದಳು. ಅದರಲ್ಲಿ ಹಾಡು ಕೇಳಬಹುದು, ಸ್ವರ ಹಿಡಿಯಲೂಬಹುದು. ಹಾಸ್ಟೆಲಿನ ಅಡಿಗೆಯವಳ ಹತ್ತಿರ ಕೇಳಿದಳು. ಸೊಂಟ ಹಿಡಿದಿದೆ ಎಂದಳು. ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರನ್ನು ಕೇಳಿದಳು. ಪಾದ ಉರಿಯುತ್ತದೆ, ಕಾಲು ಜೋಮು ಬರುತ್ತದೆ ಎಂದರು. ಉಳುಕು, ಸೆಳೆತ, ಕುತ್ತುವುದು, ಸಿಡಿಯುವುದು. ಪ್ರತಿಯೊಂದಕ್ಕೂ ಒಂದು ಸ್ವರ, ಒಂದು ಮುಖಭಾವದ ವಿವರಣೆ. ನನಗೆ ಗೊತ್ತಿದ್ದ ಪದಗಳೇ. ಹೀಗೆ ಸಾಲಾಗಿ ಯಾವತ್ತೂ ಕೇಳಿರಲಿಲ್ಲ ಅಷ್ಟೇ.

ಒಂದು ಭಾನುವಾರ ಅವಳನ್ನು ಕಾಪುವಿಗೆ ಕರೆದುಕೊಂಡು ಹೋದೆ. ಉಡುಪಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುವುದನ್ನು ಅವಳು ಬೆರಗಿನಿಂದ ಕೇಳಿದಳು. ಮನೆಯಲ್ಲಿ ಅಮ್ಮ ಬಂಗುಡೆ ಮೀನಿನ ಸಾರು ಮಾಡಿ ಕಾಯುತ್ತಿದ್ದಳು.

"ಬಾ ಮಗಾ, ಊಟ ಆಯ್ತಾ?"

"ಇಲ್ಲ ಅಮ್ಮ, ನಾನು ಇನ್ನೂ ಊಟವನ್ನು ಮಾಡಿಲ್ಲ" ಎಂದಳು ಹುಡುಗಿ.

ಅಮ್ಮ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಇವಳು ನಮ್ಮ ಪಂಚಾಯತಿನ ಅಧ್ಯಕ್ಷರಿಗಿಂತ ಒಳ್ಳೆಯ ಕನ್ನಡ ಮಾತಾಡುತ್ತಾಳಲ್ಲ!" ಎಂದಳು.

ಊಟವಾದ ಮೇಲೆ ಹುಡುಗಿ ಅಮ್ಮನ ಎದುರು ನೆಲದ ಮೇಲೆ ಕೂತು, "ಅಮ್ಮ, ನಿಮ್ಮ ಮಾತನ್ನು ಇದರಲ್ಲಿ ಇಟ್ಟುಕೊಳ್ಳಬಹುದಾ?" ಎಂದು ಕೇಳಿದಳು. ಅಮ್ಮ ಫೋಟೋ ತೆಗೆಯುತ್ತಾರೋ ಎಂಬಂತೆ ಸೆರಗು ಸರಿಮಾಡಿಕೊಂಡಳು. "ಎಂತ ಹೇಳಬೇಕು?"

"ನಿಮಗೆ ಎಲ್ಲಿ ನೋವು? ಅದು ಹೇಗೆ ಇರುತ್ತದೆ?"

ಅಮ್ಮ ತನ್ನ ಮೊಣಗಂಟಿನ ಕತೆ ಶುರುಮಾಡಿದಳು. ಬೆಳಿಗ್ಗೆ ಏಳುವಾಗ ಗಂಟು ಹಿಡಿದ ಹಾಗೆ, ನಡೆದ ಮೇಲೆ ಸಡಿಲ, ಮೆಟ್ಟಿಲು ಇಳಿಯುವಾಗ ಒಳಗೆ ಯಾರೋ ಸೂಜಿಯಲ್ಲಿ ಕುತ್ತಿದ ಹಾಗೆ. ಮೊದಲು ಪೇಪರಿನ ಕನ್ನಡದಲ್ಲಿ ಹೇಳುತ್ತಿದ್ದವಳು ಮೆಟ್ಟಿಲಿನ ಹತ್ತಿರ ಬಂದಾಗ ತುಳುವಿಗೆ ಜಾರಿ 'ಬೇನೆ' ಎಂದಳು. ಹುಡುಗಿ ತಡೆಯಲಿಲ್ಲ. ತಲೆ ಮಾತ್ರ ಆಡಿಸಲಿಲ್ಲ. ಅರ್ಥವಾಗದ ಕಡೆ ಕೈ ಎತ್ತಿ, "ಅಮ್ಮ, ಇದು ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳುತ್ತೀರಾ?" ಎಂದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾವು ಮಕ್ಕಳು ಯಾರೂ ಅಮ್ಮನ ಮೊಣಗಂಟಿನ ಬಗ್ಗೆ ಇಷ್ಟು ವಿವರವಾಗಿ ಕೇಳಿರಲಿಲ್ಲ. ಅಮ್ಮನ ಮುಖ ಅರಳಿಕೊಂಡಿತ್ತು.

ಆಮೇಲೆ ಅಮ್ಮ ತನ್ನದೇ ಸ್ವರವನ್ನು ಆ ಯಂತ್ರದಲ್ಲಿ ಕೇಳಿ, "ಅಯ್ಯೋ, ಇದು ನಾನಾ? ಗಂಡಸಿನ ಸ್ವರ!" ಎಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಈ ಭೇಟಿಯನ್ನು ಮೇಡಂಗೆ ಹೇಳಿದಾಗ ಅವರು, "ಅವಳಿಗೆ ಇದು ಕಷ್ಟ ಅಲ್ಲ ಮಾರಾಯ್ತಿ. ಅವಳ ಊರಿನಲ್ಲಿಯೂ ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ನಮ್ಮ ಹಾಗೆಯೇ. ಪರೀಕ್ಷೆಗೆ ಮಾತ್ರ ಅದು ಗೊತ್ತಿಲ್ಲ" ಎಂದರು.

ಇಷ್ಟರಲ್ಲಿ ಆ ಅಜ್ಜಿ ಚಿಕಿತ್ಸೆಗೆ ಬರುತ್ತಲೇ ಇದ್ದರು. ಬೇರೊಬ್ಬಳು ನೋಡಿಕೊಳ್ಳುತ್ತಿದ್ದಳು. ನಮ್ಮ ಹುಡುಗಿ ದಿನಾ ಅವರು ಕಾಯುವ ಬೆಂಚಿನ ಬಳಿ ಹೋಗಿ ನಮಸ್ಕಾರ ಹೇಳಿ ಬರುತ್ತಿದ್ದಳಂತೆ. ಅಜ್ಜಿ ಮೊದಲು ಮುಖ ತಿರುಗಿಸುತ್ತಿದ್ದರು. ಆಮೇಲೆ ನೋಡತೊಡಗಿದರು. ಒಂದು ದಿನ ಅವರೇ, "ಊಟಾ ಮಾಡೀಯೇನವ್ವ?" ಎಂದರು. ಹುಡುಗಿ ನಮ್ಮ ಅಮ್ಮನಿಗೆ ಕೊಟ್ಟ ಉತ್ತರವನ್ನು ಕೊಡಲಿಲ್ಲ. "ಆಯ್ತು ಅಜ್ಜಿ, ನಿಮ್ಮದು?" ಎಂದಳು. ಅಜ್ಜಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಆಮೇಲಿನ ತುಣುಕು ಆ ಬೆಂಚಿನದೇ. ಅದರಲ್ಲಿ, ಸ್ವರ ಹಿಡಿಯಲು ಒಪ್ಪಿಗೆ ಕೇಳಿದ ಮೇಲೆ, ಹುಡುಗಿ ಹೇಳುತ್ತಾಳೆ: "ಅಜ್ಜಿ, ಇವತ್ತು ನಾನು ನಿಮ್ಮ ಕಾಲು ಮಡಚಲಾ? ಚಳಕ್ ಹೊಡೆದರೆ ಕೈ ಎತ್ತಿ. ನಾನು ಬಿಟ್ಟುಬಿಡುತ್ತೇನೆ." ಸ್ವಲ್ಪ ಹೊತ್ತು ಜನರ ಗದ್ದಲ. ನಂತರ ಅಜ್ಜಿಯ ಸ್ವರ: "ಬಿಡ್ತೀಯಲ್ಲ ಮತ್ತ?" "ಬಿಡುತ್ತೇನೆ ಅಜ್ಜಿ." "ಹಂಗಾರ ಬಾ."

ವರ್ಷದ ಕೊನೆಯ ಹೊತ್ತಿಗೆ ಅಜ್ಜಿ ಕೋಲು ಹಿಡಿದು ನಡೆಯುವಂತಾಗಿದ್ದರು. ಫೋಲ್ಡರಿಗೆ ತಾವೂ ನಾಲ್ಕು ಮಾತು ಹೇಳಬೇಕೆಂದು ಅವರೇ ಕೇಳಿಕೊಂಡರಂತೆ. "ಇದರಾಗ ಮಾತಾಡ್ಲೇನು? ಕೇಳ್ರಿ ಸಾಹೇಬ್ರ. ಮೊದ್ಲ ಈ ಹುಡುಗೀಗೆ ನನ್ನ ಮಾತು ತಿಳೀತಿರಲಿಲ್ಲ. ನಂಗೂ ಇಕೀ ಮ್ಯಾಲೆ ಸಿಟ್ಟಿತ್ತು. ಈಗ ನಾ ಬಾಯಿ ತೆರೆಯೂದ್ರಾಗ ತಿಳ್ಕೋತಾಳ. ಭಾಳ ಶಾಣ್ಯಾ ಅದಾಳ. ಪಾಸ್ ಮಾಡ್ರಿ."

ಸಾಹೇಬರು ಎಂದರೆ ಪರೀಕ್ಷಕರು. ಅವರು ಬೇರೆ ಜಿಲ್ಲೆಯಿಂದ ಬಂದ ನಿವೃತ್ತ ಪ್ರಾಧ್ಯಾಪಕರು. ಬೆಳಿಗ್ಗೆಯ ಬಸ್ಸಿಗೆ ಬಂದು, ಕಾಫಿ ಕುಡಿದು, ಚೀಲದಿಂದ ತಾವೇ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯ ಕಟ್ಟನ್ನು ಮೇಜಿನ ಮೇಲಿಟ್ಟರು. ಮೇಡಂ ಅವರಿಗೆ ಫೋಲ್ಡರಿನ ಕ್ರಮವನ್ನು ವಿವರಿಸಿದರು. ಅವರು ಸಿಟ್ಟಾಗಲಿಲ್ಲ. ಆದರೆ ಅವರ ಸಂಶಯಗಳು ಗಟ್ಟಿಯಾಗಿದ್ದವು. "ಇದನ್ನು ಹೊರಗೆ ಯಾರೋ ಹೇಳಿಕೊಟ್ಟು ಹೇಳಿಸಿರಬಹುದಲ್ಲ? ಎಷ್ಟು ಸಲ ಹೇಳಿ ಒಂದನ್ನು ಇಟ್ಟರೋ, ಯಾರಿಗೆ ಗೊತ್ತು?"

"ಹೌದು ಸರ್, ಇರಬಹುದು" ಎಂದರು ಮೇಡಂ. "ಎಷ್ಟೋ ಸಲ ಹೇಳಿ ಒಂದನ್ನು ಇಟ್ಟಿದ್ದರೆ, ಅಷ್ಟು ಸಲ ಕನ್ನಡ ಮಾತಾಡಿದ ಹಾಗಾಯ್ತು ಅಲ್ವಾ?"

ಪ್ರಾಧ್ಯಾಪಕರು ಹೆಡ್‌ಫೋನು ಹಾಕಿಕೊಂಡು ಮಲೇಷ್ಯಾದ ಹುಡುಗಿಯ ಫೋಲ್ಡರನ್ನು ಕೇಳಿದರು. ಮೊದಲು ಪಾಠದ ವಾಚನ, ಆಮೇಲೆ ಆ ಸೋಲಿನ ಮಾತು, ಆಮೇಲೆ ಉಳಿದದ್ದು. ಅಜ್ಜಿಯ "ಪಾಸ್ ಮಾಡ್ರಿ" ಬಂದಾಗ ಅವರ ತುಟಿ ಅಲುಗಿತು. ಹೆಡ್‌ಫೋನು ತೆಗೆದು ಹುಡುಗಿಯನ್ನು ಒಳಗೆ ಕರೆಸಿದರು.

"ಸರಿ ಅಮ್ಮಾ. ನಾನು ಒಬ್ಬ ರೋಗಿ. ನಿನ್ನ ಹತ್ತಿರ ಬಂದಿದ್ದೇನೆ. ಮಾತಾಡು."

ಅವಳು ಅವರ ಎದುರಿನ ಕುರ್ಚಿಯಲ್ಲಿ ಕೂತಳು. "ನಮಸ್ಕಾರ ಸರ್. ನಿಮಗೆ ಎಲ್ಲಿ ತೊಂದರೆ?"

"ಭುಜ."

"ಯಾವ ಭುಜ ಸರ್? ಹಿಡಿದ ಹಾಗೆ ಆಗುತ್ತದಾ, ಇಲ್ಲ ಚಳಕು ಹೊಡೆಯುತ್ತದಾ?"

ಅವರ ಕೈ ತಾನಾಗಿ ಬಲ ಭುಜಕ್ಕೆ ಹೋಯಿತು. "ಕೈ ಎತ್ತುವಾಗ ಚಳಕು. ಉಳಿದಂತೆ ಹಿಡಿದ ಹಾಗೇ."

"ರಾತ್ರಿ ಆ ಬದಿಗೆ ಮಲಗಲಿಕ್ಕೆ ಆಗುತ್ತದಾ?"

"ಆಗುವುದಿಲ್ಲಮ್ಮ. ಎಷ್ಟೋ ತಿಂಗಳಾಯಿತು."

"ಬೆರಳು ಜೋಮು ಬರುತ್ತದಾ?"

"ಇಲ್ಲ, ಜೋಮಿಲ್ಲ." ಅವರು ನಾಟಕ ಬಿಟ್ಟು ನಿಜವನ್ನೇ ಹೇಳುತ್ತಿದ್ದಾರೆ ಎಂದು ನಮಗೆಲ್ಲ ಅರಿವಾಗಿತ್ತು. ಒಂದು ಕಡೆ ಅವರು "ತೋಳು ಕಳಚಿ ಬಿದ್ದಂತಾಗುತ್ತೆ" ಎಂದರು. ಹುಡುಗಿ ಕೈ ಎತ್ತಿದಳು. "ಸರ್, 'ಕಳಚಿ' ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳುತ್ತೀರಾ?" ಪರೀಕ್ಷೆಯ ಕೋಣೆಯಲ್ಲಿ ಪರೀಕ್ಷಕರ ಎದುರೇ ತನಗೆ ಗೊತ್ತಿಲ್ಲ ಎಂದಳು! ಅವರು ತಮ್ಮ ಪೆನ್ನಿನ ಮುಚ್ಚಳವನ್ನು ಕಳಚಿ ತೋರಿಸಿದರು. ಅವಳು "ಓ!" ಎಂದು ನಕ್ಕಳು. ಅವರೂ ನಕ್ಕರು.

ಅವಳು ಹೊರಗೆ ಹೋದ ಮೇಲೆಯೂ ಅವರು ಪ್ರಶ್ನೆಪತ್ರಿಕೆಯ ಕಟ್ಟನ್ನು ಚೀಲಕ್ಕೆ ಹಾಕಲಿಲ್ಲ, ಲಿಖಿತ ಪರೀಕ್ಷೆಯೂ ಬೇಕು ಎಂದರು. ಉಳಿದ ಮಕ್ಕಳ ಫೋಲ್ಡರುಗಳನ್ನೂ ಮಧ್ಯಾಹ್ನದವರೆಗೆ ಕೂತು ಕೇಳಿದರು. ಕೆಲವು ಅವರಿಗೆ ಹಿಡಿಸಿದವು, ಕೆಲವು ಬರೀ ಕಾಟಾಚಾರದವು ಎಂದರು. ಅದೂ ನಿಜವೇ. ಕೊನೆಗೆ ವರದಿಯಲ್ಲಿ, ಅರ್ಧ ಅಂಕ ಫೋಲ್ಡರಿಗೆ, ಅರ್ಧ ಲಿಖಿತ ಪರೀಕ್ಷೆಗೆ ಎಂದು ಶಿಫಾರಸು ಬರೆದರು. ಹೊರಡುವಾಗ ಮೇಡಂ ಹತ್ತಿರ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ಮೇಡಂ, ಇದರ ಕಷ್ಟ ಏನು ಗೊತ್ತೇ? ಲಿಖಿತ ಪರೀಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಇದಕ್ಕೆ ನಿಮ್ಮ ಹಾಗೆ ಕೂತು ಕೇಳುವವರು ಬೇಕು. ಅಂಥವರನ್ನು ಎಲ್ಲಿಂದ ತರೋಣ?"

"ಕೇಳಿ ಕೇಳಿ ಆಗುದು ಸರ್. ಇವಳು ಆಗಿದ್ದಾಳಲ್ಲ" ಎಂದು ಮೇಡಂ ನನ್ನನ್ನು ತೋರಿಸಿದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಅರ್ಧವಷ್ಟೇ ಸಿಕ್ಕಿತಲ್ಲ ಎಂದು ನನಗೆ ಬೇಸರವಿತ್ತು. ಮೇಡಂ ಮಾತ್ರ ಆ ಸಂಜೆ ಎಲ್ಲರಿಗೂ ಗೋಳಿಬಜೆ ತರಿಸಿದರು. ಮುಂದಿನ ವರ್ಷದಿಂದ ಲಿಖಿತದಲ್ಲಿ ರಜೆ ಅರ್ಜಿಯ ಬದಲು ರೋಗಿಗೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಚೀಟಿ ಬರೆಯುವ ಪ್ರಶ್ನೆ ಬಂತು. ಅದನ್ನು ರೂಪಿಸಿದ್ದು ಆ ಪ್ರಾಧ್ಯಾಪಕರೇ.

ಹುಡುಗಿ ಓದು ಮುಗಿಸಿ ತನ್ನ ದೇಶಕ್ಕೆ ಹೋದಳು. ಹೋಗುವ ಮುಂಚೆ ತನ್ನ ಫೋಲ್ಡರನ್ನು ಸಿಡಿಗೆ ಹಾಕಿಸಿಕೊಂಡಳು. ಮೇಡಂ ಇನ್ನೂ ಎರಡು ವರ್ಷ ಬಂದು, ಬಸ್ಸಿನ ಓಡಾಟ ಸಾಕೆನಿಸಿ ಮನೆಯಲ್ಲಿ ಕೂತರು. ಕೇಂದ್ರ ಮುಚ್ಚುವವರೆಗೆ ಫೋಲ್ಡರುಗಳನ್ನು ಕೇಳುವ ಕೆಲಸ ನನ್ನದಾಯಿತು. ಯಾರಾದರೂ ತಡವರಿಸಿದರೆ ವಾಕ್ಯ ಮುಗಿಸಿಕೊಡಲು ನನ್ನ ನಾಲಿಗೆ ಈಗಲೂ ತುರಿಸುತ್ತದೆ. ತಡೆದುಕೊಳ್ಳುತ್ತೇನೆ.

ಮೇಡಂ ನಿವೃತ್ತರಾಗಿ ಕೆಲವು ತಿಂಗಳಾದ ಮೇಲೆ ಕಾರ್ಕಳಕ್ಕೆ ಹೋಗಿದ್ದೆ. ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟು, ಒಳಗಿನ ಕಂಪ್ಯೂಟರಿನ ಮುಂದೆ ಕರೆದುಕೊಂಡು ಹೋದರು. "ಬೇಜಾರು ಎಂದು ಮಲಯ ಭಾಷೆ ಕಲಿಯುತ್ತಾ ಇದ್ದೇನೆ. ನಮ್ಮ ಮಲೇಷ್ಯಾದ ಹುಡುಗಿಯೇ ಇಮೇಲಿನಲ್ಲಿ ಪಾಠ ಕಳಿಸುತ್ತಾಳೆ. ಕೇಳು" ಎಂದು ಒಂದು ಗುಂಡಿ ಒತ್ತಿದರು. ಅವರದೇ ಸ್ವರ, ನನಗೆ ಒಂದಕ್ಷರವೂ ತಿಳಿಯದ ಮಾತಿನಲ್ಲಿ ನಿಂತು ನಿಂತು ಏನೋ ಹೇಳುತ್ತಿತ್ತು.

"ಎಂತ ಹೇಳಿದ್ದು ಮೇಡಂ?"

"ಕಾರ್ಕಳದಲ್ಲಿ ಮಳೆ ಬಂತು, ಹಲಸಿನ ಹಣ್ಣು ಉಂಟು, ಬಾ ಎಂದು. 'ಬಾ' ಹೇಳುದರಲ್ಲಿ ಏನೋ ಹೆಚ್ಚು ಕಡಿಮೆ ಆಗಿದೆಯಂತೆ. ನಾನು ಅವಳಿಗೆ ಆಜ್ಞೆ ಮಾಡಿದ ಹಾಗೆ ಕೇಳುತ್ತದಂತೆ!"

ಹೇಳಿ ಜೋರಾಗಿ ನಕ್ಕರು. ಮತ್ತೆ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ನನ್ನನ್ನು ಸುಮ್ಮನಿರುವಂತೆ ಕೈಸನ್ನೆ ಮಾಡಿ, ಆ ಪದವನ್ನು ಮೆತ್ತಗೆ ಹೇಳಲು ತೊಡಗಿದರು.